ಬೆರಳು ನಿಂತ ಜಾಹೀರಾತು

ಫೋನಿನಲ್ಲಿ ಸೀರೆಯ ಚಿತ್ರ ಕಂಡರೆ ನನ್ನ ಸೋದರಮಾವ ಪರದೆಯ ಅಂಚನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಉಜ್ಜುತ್ತಾರೆ. ಉಜ್ಜಿ, "ಗಂಜಿ ಜಾಸ್ತಿ" ಎನ್ನುತ್ತಾರೆ. ಗಾಜಿನಲ್ಲಿ ಗಂಜಿ ಕಂಡುಹಿಡಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು!

ಮಾವ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಸೀರೆ ತೋರಿಸಿದವರು. ಮನೆ ಭದ್ರಾವತಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುವುದು, ರಾತ್ರಿ ಮರಳುವುದು. ನಿವೃತ್ತರಾಗಿ ಎರಡು ವರ್ಷವಾದರೂ ಬಸ್ಸು ಹತ್ತುವುದನ್ನು ಬಿಟ್ಟಿಲ್ಲ. ಅಂಗಡಿಯ ಬದಲು ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ, ಅಷ್ಟೇ ವ್ಯತ್ಯಾಸ. ಬಂದು, ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮನ ಫೋನನ್ನು ಎದುರಿಗಿಟ್ಟುಕೊಳ್ಳುತ್ತಾರೆ. ಏನನ್ನಾದರೂ ಕೊಳ್ಳುವುದಕ್ಕೋ? ಛೆ! ಅದರಲ್ಲಿ ಬರುವ ಜಾಹೀರಾತುಗಳನ್ನು ಬೈಯುವುದಕ್ಕೆ.

ಅವರ ಪ್ರಕಾರ ಫೋನಿನೊಳಗೆ ಒಬ್ಬ ಸೇಲ್ಸ್‌ಮನ್ ಇದ್ದಾನೆ. ಹೊಸಬ. ಕೆಲಸ ಕಲಿತಿಲ್ಲ.

"ನೋಡೇ ಇಲ್ಲಿ," ಎಂದು ಅಮ್ಮನನ್ನು ಕರೆಯುತ್ತಾರೆ. "ನೀನು ಕುಕ್ಕರ್ ತಗೊಂಡು ಎಂಟು ದಿನ ಆಯ್ತು. ಇವನು ಇನ್ನೂ ಕುಕ್ಕರೇ ತೋರಿಸ್ತಿದಾನೆ. ಮದುವೆ ಸೀರೆ ತಗೊಂಡು ಮೆಟ್ಟಿಲಿಳೀತಿರೋ ಹುಡುಗಿ ಹಿಂದೆ ಓಡಿಹೋಗಿ ಇನ್ನೊಂದು ಮದುವೆ ಸೀರೆ ತೋರಿಸ್ತಾರೇನೆ ಯಾರಾದ್ರೂ?"

"ಅದು ಮೆಷಿನ್ ಕಣಣ್ಣ, ಅದಕ್ಕೇನ್ ಗೊತ್ತಾಗುತ್ತೆ."

"ಮೆಷಿನ್ನೋ ಮನುಷ್ಯನೋ, ಗಿರಾಕಿ ಮುಖ ನೋಡ್ಬೇಕಪ್ಪ ಮೊದ್ಲು!"

ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆಯಲ್ಲಿ ಯಾರಾದರೂ ತಪ್ಪು ತಿಳಿದುಕೊಂಡರೆ ಸುಮ್ಮನಿರಲಾಗದ ಕೆಟ್ಟ ಅಭ್ಯಾಸ ಈ ಕೆಲಸದಿಂದ ಬಂದಿದೆ. ಒಂದು ಭಾನುವಾರ ಮಾವನಿಗೆ, ಅಮ್ಮನಿಗೆ, ಜೊತೆಗೆ ಪೇಪರ್ ಓದುತ್ತಿದ್ದ ಅಪ್ಪನಿಗೂ ಸೇರಿಸಿ ಪಾಠ ಮಾಡಿದೆ. ಅದು ಮುಖ ನೋಡುವುದಿಲ್ಲ, ಬೆರಳು ನೋಡುತ್ತದೆ. ನೀವು ಯಾವುದನ್ನು ಒತ್ತಿದಿರಿ, ಯಾವುದರ ಮೇಲೆ ಎಷ್ಟು ಹೊತ್ತು ನಿಂತಿರಿ, ನಿಮ್ಮ ಹಾಗೆಯೇ ನಿಂತ ಬೇರೆಯವರು ಕೊನೆಗೆ ಏನು ಕೊಂಡರು ಎಂಬುದನ್ನೆಲ್ಲ ಕೂಡಿಸಿ ಒಂದು ಊಹೆ ಮಾಡುತ್ತದೆ. ಈ ಮನೆಯ ಫೋನಿನಲ್ಲಿ ಏನಾದರೂ ಪದೇಪದೇ ಬರುತ್ತಿದ್ದರೆ, ಈ ಮನೆಯವರಲ್ಲಿ ಯಾರೋ ಅದನ್ನು ನೋಡಿದ್ದಾರೆ ಎಂದೇ ತಿಳಿಯಬಹುದು. ಕೊನೆಯ ವಾಕ್ಯವನ್ನು ನಾನು ಎರಡು ಸಲ ಹೇಳಿದೆ. ಹೇಳದಿದ್ದರೆ ಚೆನ್ನಾಗಿತ್ತು.

ಮಾವ ನಿರಾಶರಾದರು. "ಇಷ್ಟೇನಾ? ಇದನ್ನೇ ಅಲ್ವಾ ಮಾರಾಯ್ತಿ ನಾನೂ ಮಾಡಿದ್ದು! ಬಾಯಲ್ಲಿ ಬೇಡ ಬೇಡ ಅಂತಾರೆ, ಕೈ ಮಾತ್ರ ಸೆರಗು ಬಿಟ್ಟಿರಲ್ಲ. ಅದೇ ಸೀರೆ ಪ್ಯಾಕ್ ಮಾಡೋದು. ಭದ್ರಾವತಿ ಫ್ಯಾಕ್ಟರಿ ಕ್ವಾರ್ಟರ್ಸಿಂದ ತಮಿಳ್ರು, ತೆಲುಗ್ರು ಬರೋರು. ಭಾಷೆ ಆಮೇಲೆ ಕಲ್ತೆ. ಮೊದ್ಲು ಕೈ ನೋಡೇ ವ್ಯಾಪಾರ ಮಾಡಿದ್ದು."

ಮರುದಿನದಿಂದ ಅವರು ಆ ಹೊಸಬನಿಗೆ ಪರೀಕ್ಷೆ ಇಡಲಾರಂಭಿಸಿದರು. ಒಂದು ದಿನ ಗರಗಸ ಒತ್ತುವುದು, ಒಂದು ದಿನ ಭರತನಾಟ್ಯದ ಗೆಜ್ಜೆ, ಒಂದು ದಿನ ಅಡಿಕೆ ಸುಲಿಯುವ ಯಂತ್ರ. ಅವನು ತಬ್ಬಿಬ್ಬಾದಷ್ಟೂ ಇವರಿಗೆ ಸಂತೋಷ. ಆಮೇಲೆ ತೊಟ್ಟಿಲು ಒತ್ತಿದರು. ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಅಮ್ಮನಿಗೆ ಹೊಸ ಫೋನು ತಂದಾಗ ಅದಕ್ಕೂ ನನ್ನ ಖಾತೆಯನ್ನೇ ಹಾಕಿಕೊಟ್ಟಿದ್ದೆ. ಎರಡು ಫೋನಿಗೂ ಒಬ್ಬನೇ ಸೇಲ್ಸ್‌ಮನ್! ಹೀಗಾಗಿ ಮಾವ ಹೊಸಮನೆಯಲ್ಲಿ ಒತ್ತಿದ ತೊಟ್ಟಿಲು ಶಂಕರಘಟ್ಟದ ಬಸ್ಸಿನಲ್ಲಿ ನನ್ನ ಕೈಯಲ್ಲಿ ತೂಗಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಅದನ್ನೂ ನನ್ನನ್ನೂ ನೋಡಿ, ಕಿಟಕಿಯ ಸೀಟನ್ನು ಬಹಳ ಗೌರವದಿಂದ ನನಗೆ ಬಿಟ್ಟುಕೊಟ್ಟರು. ನನಗಿನ್ನೂ ಮದುವೆಯಾಗಿಲ್ಲ!

ಸಂಜೆ ಬಂದು ಜಗಳವಾಡಿದೆ. ಮಾವ ನಗಲಿಲ್ಲ.

"ಇವನಿಗೆ ಎಲ್ಲಾ ಗೊತ್ತಾಗುತ್ತೆ ಪುಟ್ಟಿ, ಮರ್ಯಾದೆ ಒಂದು ಗೊತ್ತಿಲ್ಲ," ಎಂದರು. ಒಮ್ಮೆ ಅವರ ಅಂಗಡಿಗೆ ಒಬ್ಬಳು ಹೊಸ ಸೊಸೆ ಅತ್ತೆಯ ಜೊತೆ ಬಂದಿದ್ದಳಂತೆ. ಒಂದು ಹಸಿರು ಸೀರೆಯ ಮೇಲೆ ಅವಳ ಕೈ ಎರಡು ಸಲ ಹೋಯಿತು. ಅತ್ತೆ ಕಂದು ಬಣ್ಣದ್ದನ್ನು ಆರಿಸಿದರು. ಮಾವ ಮಾತಾಡದೆ ಹಸಿರನ್ನು ಮಡಚಿ, ಕಪಾಟಿನ ತಳಕ್ಕೆ ಸೇರಿಸಿದರು. ತಿಂಗಳು ಕಳೆದು ಅವಳು ಒಬ್ಬಳೇ ಬಂದಳು. ಅವಳು ಬಾಯಿಬಿಡುವ ಮೊದಲೇ ಸೀರೆ ಹೊರಗೆ ಬಂದಿತ್ತು.

"ಅತ್ತೆ ಎದುರಿಗೆ, ನಿಮ್ಮ ಸೊಸೆಗೆ ಇದು ಇಷ್ಟ ಅಂದಿದ್ರೆ ಅವತ್ತೇ ಒಂದು ಸೀರೆ ಹೆಚ್ಗೆ ಹೋಗೋದೇನೋ. ಆದ್ರೆ ಆ ಹುಡುಗಿ ಮನೆಗೆ ಹೋಗ್ಬೇಕಲ್ಲ?"

ಅಂದೇ ನಾನು ಖಾತೆಯನ್ನು ಬೇರೆ ಮಾಡಬೇಕಿತ್ತು. ಮಾಡಲಿಲ್ಲ. ನನ್ನ ಫೋನಿನಲ್ಲಿ ಮುಚ್ಚಿಡುವಂಥದ್ದೇನಿದೆ ಎಂಬ ಧೈರ್ಯ.

ಮುಚ್ಚಿಡುವಂಥದ್ದು ಕಿವಿಯಲ್ಲಿತ್ತು. ನಾಲ್ಕು ತಿಂಗಳಿಂದ ನನ್ನ ಎಡಗಿವಿ ಮಂದವಾಗುತ್ತಿತ್ತು. ನೋವಿಲ್ಲ, ಯಾರೋ ಆ ಕಡೆಯ ಬಾಗಿಲನ್ನು ದಿನಕ್ಕೊಂದಿಷ್ಟು ಮುಂದೆ ಮಾಡುತ್ತಿದ್ದಂತೆ. ತರಗತಿಯಲ್ಲಿ ಎಡಸಾಲಿನವರು ಪ್ರಶ್ನೆ ಕೇಳಿದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಮೇಡಂಗೆ ಜಂಬ ಎಂದುಕೊಂಡರು. ಎಂದುಕೊಳ್ಳಲಿ ಎಂದು ಬಿಟ್ಟೆ. ಅತಿಥಿ ಉಪನ್ಯಾಸಕಿಯನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ. ಕಿವಿ ಕೇಳದವಳಿಗಿಂತ ಜಂಬದವಳಿಗೆ ಅವಕಾಶ ಹೆಚ್ಚು ಎಂಬುದು ನನ್ನ ಅಂದಾಜು. ಮನೆಯಲ್ಲಿ ಹೇಳಿದರೆ ಅಮ್ಮ ಅಳುತ್ತಾಳೆ, ಸಂಜೆಯೊಳಗೆ ಅರ್ಧ ಭದ್ರಾವತಿಗೆ ತಿಳಿಯುತ್ತದೆ. ಡಾಕ್ಟರ ಹತ್ತಿರ ಹೋದರೆ ಅದು ನಿಜವಾಗಿಬಿಡುತ್ತದೆ. ಆದ್ದರಿಂದ ಹೋಗಿರಲಿಲ್ಲ.

ಫೋನಿನಲ್ಲಿ ಹುಡುಕಿಯೂ ಇರಲಿಲ್ಲ. ಹುಡುಕಿದರೆ ಏನಾಗುತ್ತದೆಂದು ಪಾಠ ಮಾಡಿದವಳೇ ನಾನಲ್ಲವೆ! ಒಂದು ದಿನ ಬಸ್ಸಿನಲ್ಲಿ ಕಿವಿಯ ಹಿಂದೆ ಇಡುವ ಪುಟ್ಟ ಯಂತ್ರದ ಚಿತ್ರ ತಾನಾಗಿ ಬಂತು. ನಾನು ಅದನ್ನು ಒತ್ತಲಿಲ್ಲ. ಬೆರಳು ಮಾತ್ರ ಮುಂದೆ ಸರಿಯಲಿಲ್ಲ. ಮಾಚೇನಹಳ್ಳಿ ಸ್ಟಾಪು ಬಂದು ಹೋಗುವವರೆಗೂ ಅಲ್ಲೇ ಇತ್ತು.

ಆ ಭಾನುವಾರ ನಾಲ್ವರೂ ಅಕ್ಕಿರೊಟ್ಟಿ ತಿನ್ನುತ್ತಿದ್ದೆವು. ಅಮ್ಮ ಯಾವುದೋ ಚಟ್ನಿಯ ವೀಡಿಯೊ ಹುಡುಕುತ್ತಿದ್ದವಳು, "ಇದೇನಿದು, ಎಲ್ಲೋದ್ರೂ ಕಿವಿ ಮೆಷಿನ್?" ಎಂದಳು. "ನಮ್ಮನೇಲಿ ಯಾರ್ ನೋಡಿದ್ದು ಇದನ್ನ? ಯಾರೋ ನೋಡದೆ ಬರಲ್ಲ ಅಂದಿದ್ದೆಯಲ್ಲೇ ನೀನು?"

"ನಾನಲ್ಲಪ್ಪ," ಎಂದರು ಅಪ್ಪ.

ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸಣ್ಣಗೆ ಮುರಿಯತೊಡಗಿದೆ.

"ನಾನೇ ಕಣೇ ನೋಡಿದ್ದು," ಎಂದರು ಮಾವ. "ಈಚೆಗೆ ಸರಿಯಾಗಿ ಕೇಳ್ತಿಲ್ಲ. ಯಾಕೆ ಸುಮ್ನೆ ನಿಮಗೆಲ್ಲ ಗಾಬರಿ ಅಂತ ಹೇಳಿರ್ಲಿಲ್ಲ."

ಇದನ್ನೂ ಪರೀಕ್ಷೆಗೆಂದು ಅವರೇ ಒತ್ತಿ ಈಗ ತಮಾಷೆ ಮಾಡುತ್ತಿರಬೇಕು, ನನ್ನ ಅದೃಷ್ಟ ಎಂದುಕೊಂಡೆ. ಆದರೆ ಮಾವ ಅಂದಿನಿಂದ ಕಿವುಡರಾಗಿಯೇ ಉಳಿದರು. ಎಂಥ ಕಿವುಡರು! ಅವರಷ್ಟು ಕೆಟ್ಟ ನಟರನ್ನು ನಾನು ಯಾವ ಕಾಲೇಜಿನ ನಾಟಕದಲ್ಲೂ ನೋಡಿಲ್ಲ. ಅಮ್ಮ ಎದುರಿಗೆ ನಿಂತು "ಕಾಫಿ ಬೇಕಾ?" ಎಂದು ಕೂಗಿದರೆ "ಆಂ?" ಎನ್ನುತ್ತಿದ್ದರು. ಅದೇ ಅಮ್ಮ ಅಡುಗೆಮನೆಯಲ್ಲಿ ನನ್ನ ಹತ್ತಿರ ಪಿಸುದನಿಯಲ್ಲಿ, "ಎರಡು ಹೋಳಿಗೆ ಮಿಕ್ಕಿದೆ, ಅಣ್ಣಂಗೆ ಶುಗರ್, ಕೊಡ್ಬೇಡ" ಎಂದರೆ ಹಾಲಿನಿಂದ ಉತ್ತರ ಬರುತ್ತಿತ್ತು: "ಒಂದು ತಿಂದ್ರೆ ಏನೂ ಆಗಲ್ವೇ!"

"ಇದು ಹೇಗಣ್ಣ ಕೇಳ್ಸ್ತು ನಿಂಗೆ?"

"ಆಂ?"

ಭದ್ರಾವತಿಯ ಬಂಧುಗಳೆಲ್ಲ ಫೋನ್ ಮಾಡಿ ಕಿರುಚತೊಡಗಿದರು. ಬಸ್ಸಿನ ಕಂಡಕ್ಟರು ಇವರ ಭುಜ ತಟ್ಟಿ, ಸನ್ನೆ ಮಾಡಿ ಟಿಕೆಟ್ ಕೊಡತೊಡಗಿದರು. ಮೂವತ್ತೆಂಟು ವರ್ಷ ಮಾತಿನಲ್ಲೇ ಬದುಕಿದ ಮನುಷ್ಯ, ಎದುರಿಗೇ ಜನ "ಪಾಪ" ಎನ್ನುವುದನ್ನು ಕೇಳಿಸಿಕೊಂಡು, ಕೇಳಿಸದವರ ಹಾಗೆ ನಗುತ್ತಿದ್ದರು. ಮೂರು ವಾರ ಇದು ನಡೆಯಿತು. ಅಮ್ಮ ಇನ್ನು ತಡೆಯಲಾಗದೆ ಶನಿವಾರ ಬೆಳಿಗ್ಗೆಗೆ ಕಿವಿ ಡಾಕ್ಟರ ಹತ್ತಿರ ಸಮಯ ಕೇಳಿಟ್ಟಳು.

ಶುಕ್ರವಾರ ಸಂಜೆ ನಾನು ಕೆಲಸದಿಂದ ಬಂದಾಗ ಮಾವ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಆ ರಾತ್ರಿ ನಮ್ಮಲ್ಲೇ ಉಳಿಯುವವರಿದ್ದರು. ನಾನು ಪಕ್ಕದಲ್ಲಿ ಕೂರಲು ಹೋದೆ. ಅವರು ಎದ್ದು ನನ್ನ ಇನ್ನೊಂದು ಪಕ್ಕಕ್ಕೆ ಬಂದು ಕೂತರು.

"ಪುಟ್ಟಿ, ನೀನು ಲೆಕ್ಕದ ಮೇಷ್ಟ್ರಲ್ವಾ, ಒಂದು ಹೇಳು. ನಾಳೆ ಆ ಡಬ್ಬಿ ಕಿವಿಗೆ ಹಾಕಿ ಪೀ ಅಂತ ಸದ್ದು ಮಾಡ್ತಾರಂತೆ. ಹತ್ತಕ್ಕೆ ಎಷ್ಟು ಕೇಳಿಸ್ಲಿಲ್ಲ ಅಂದ್ರೆ ನಂಬ್ತಾರೆ?"

"ನೀವ್ಯಾಕೆ ಫೇಲಾಗ್ಬೇಕು ಮಾವ?"

"ನಾನು ಪಾಸಾದ್ರೆ ನಿಮ್ಮಮ್ಮ, ಮತ್ತೆ ಆ ಮೆಷಿನ್ ನೋಡಿದ್ಯಾರು ಅಂತ ಕೇಳ್ತಾಳಲ್ಲೇ."

ಬೀದಿಯಲ್ಲಿ ಒಂದು ಸ್ಕೂಟರು ಹೋಯಿತು.

"ಅವತ್ತು ಎಲ್ರೂ ಫೋನ್ ನೋಡಿದ್ರು, ನೀನು ತಟ್ಟೆ ನೋಡ್ದೆ," ಎಂದರು ಮಾವ. "ಅದಕ್ಕೂ ಮುಂಚೇನೇ ಗೊತ್ತಿತ್ತು ಬಿಡು. ಎರಡು ತಿಂಗಳಿಂದ ನಾನು ನಿನ್ನ ಬಲಗಡೇನೇ ಕೂತ್ಕೊಳ್ತಿದೀನಿ. ನೀನೇ ನೋಡ್ಲಿಲ್ಲ."

ಹೌದು, ನೋಡಿರಲಿಲ್ಲ. ಈಗಲೂ ಅವರು ನನ್ನ ಬಲಗಡೆಗೇ ಇದ್ದರು.

"ಹೇಳು ಅಂತ ನಾನು ಹೇಳಲ್ಲ ಮಾರಾಯ್ತಿ. ನಿಂಗೆ ಯಾವಾಗ ಹೇಳ್ಬೇಕನ್ಸುತ್ತೋ ಆವಾಗ. ಅಲ್ಲೀವರೆಗೆ ಕಿವುಡ ನಾನೇ. ನಂದೇನು ಹೋಗುತ್ತೆ?"

ಮರುದಿನ ಬೆಳಿಗ್ಗೆ ಅಮ್ಮ, ಮಾವ, ನಾನು ಮೂವರೂ ಡಾಕ್ಟರ ಹತ್ತಿರ ಹೋದೆವು. ಗಾಜಿನ ಕಿಂಡಿಯ ಹಿಂದೆ ಕೂತಿದ್ದಾಕೆ ಪೆನ್ನು ಎತ್ತಿ, "ಪೇಷಂಟ್ ಹೆಸರು?" ಎಂದಳು. "ಅಣ್ಣಾ, ಹೆಸ್ರು ಕೇಳ್ತಿದಾರೆ!" ಎಂದು ಅಮ್ಮ ಇಡೀ ಕೋಣೆ ತಿರುಗುವಂತೆ ಕೂಗಿದಳು. ಮಾವ "ಆಂ?" ಎನ್ನಲು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ನನ್ನ ಹೆಸರು ಹೇಳಿದೆ.

"ವಯಸ್ಸು?"

"ಇಪ್ಪತ್ತೇಳು."

"ಯಾವ ಕಿವಿ?"

ಅಮ್ಮ ನನ್ನ ಕಡೆ ತಿರುಗಿದ್ದು ಕಂಡಿತು. ನಾನು ತಟ್ಟನೆ ಅವಳ ಕೈ ಹಿಡಿದುಕೊಂಡೆ, ಮತ್ತು ಅವಳಿಗೂ ಕೇಳುವಷ್ಟು ಗಟ್ಟಿಯಾಗಿ, "ಎಡಗಿವಿ" ಎಂದೆ.