ಹೊರಟೂ ಮನೆಯಲ್ಲಿದ್ದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಪ್ರಯಾಣ ಹೊರಟರು ಎಂದರೆ ಮನೆಯಲ್ಲೇ ಇದ್ದಾರೆ ಎಂದು ಅರ್ಥ. ತಮಾಷೆಯಲ್ಲ, ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು.

ದೊಡ್ಡಮ್ಮನ ದೃಷ್ಟಿ ಮಂದವಾಗುತ್ತಾ ಬಂದಿತ್ತು. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಕೆಮ್ಮಣ್ಣುಗುಂಡಿಗೆ ಹೋಗಿ, ಕಾಲ ಕೆಳಗೆ ಮೋಡ ಹರಿಯುವುದನ್ನು ಒಮ್ಮೆ ನೋಡಬೇಕೆಂದು ಅವರ ಆಸೆ. ದೊಡ್ಡಪ್ಪ ಒಪ್ಪಿದರು. ಆದರೆ ಪಂಚಾಂಗ ಒಪ್ಪಬೇಕಲ್ಲ! ಮುಹೂರ್ತವಿದ್ದ ದಿನ ಬಸ್ಸಿಲ್ಲ. ಯುದ್ಧಕಾಲದ ಇದ್ದಿಲು ಬಸ್ಸು ಉಸ್ಸೆಂದು ಬಂದ ಹೊತ್ತಿಗೆ ರಾಹುಕಾಲ. ಅದಕ್ಕೇ ಪ್ರಸ್ಥಾನ ಇಟ್ಟರು. ಎಂದರೆ, ಮುಹೂರ್ತಕ್ಕೆ ಸರಿಯಾಗಿ ಅಕ್ಕಿ, ಅರಿಸಿನದ ಕೊಂಬು, ಒಂದು ಪಂಚೆಯನ್ನು ಗಂಟು ಕಟ್ಟಿ ಎದುರುಮನೆಯಲ್ಲಿ ಇಟ್ಟುಬಿಟ್ಟರೆ, ಶಾಸ್ತ್ರದ ಪ್ರಕಾರ ಹೊರಟಂತೆಯೇ. ಆಮೇಲೆ ನಿಧಾನವಾಗಿ ಹೋಗಬಹುದು.

ಬೇರೆಯವರು ಮೂರು ದಿನದಲ್ಲಿ ಹೋಗುತ್ತಾರೆ. ದೊಡ್ಡಪ್ಪ ಮೂರು ತಿಂಗಳಾದರೂ ಹೋಗಲಿಲ್ಲ. ಆದರೆ ಹೊರಟವರು ಹೊರಟವರೇ! ನಡುಮನೆಯಲ್ಲಿ ಕೂತಿದ್ದರೂ ಕರೆದರೆ ಓಗೊಡರು. ಯಾರಾದರೂ ಬಾಗಿಲಲ್ಲಿ ನಿಂತು "ಯಜಮಾನ್ರು ಅವ್ರಾ?" ಎಂದರೆ, ಒಳಗಿನಿಂದ ಅವರದೇ ದನಿ: "ಇಲ್ಲ, ಬೆಟ್ಟಕ್ಕೆ ಓಗವ್ರೆ." ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಗು ನಿಂತದ್ದು ಎದುರುಮನೆಯಾಕೆ ಆ ಗಂಟು ಹಿಡಿದು ಬಂದ ಬೆಳಿಗ್ಗೆ.

"ನೋಡ್ಲಾ ಮಗ, ಇಂಥಾ ಬ್ಯಾಸ್ಗೇಲಿ ಇದು ನೆನ್ದದೆ. ನಮ್ಮನೆ ಸೋರಾಕಿಲ್ಲ ಕಣ್ಲಾ."

ಮುಟ್ಟಿದೆ. ಮಂಜಿನಲ್ಲಿ ಇಟ್ಟು ತೆಗೆದ ಹಾಗೆ ಕೊರೆಯುತ್ತಿತ್ತು. ಬಿಚ್ಚಿದರೆ ಪಂಚೆಯ ತುಂಬ ಒದ್ದೆ ಕಾಡಿನ ವಾಸನೆ. ನಮ್ಮೂರಲ್ಲಿ ಎಲ್ಲಿಯ ಕಾಡು?

ಅದೇ ವಾರ ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ ಬಂದವನು ಜಗಲಿಯಲ್ಲಿ ಕೂತು, "ನಿಮ್ಮ ದೊಡ್ಡಪ್ಪಾರನ್ನ ಕೆಮ್ಮಣ್ಣುಗುಂಡಿ ಬಂಡೆ ಮ್ಯಾಲೆ ನೋಡ್ದೆ. ಕೂಗಿದ್ರೂ ತಿರುಗ್ನಿಲ್ಲ" ಅಂದ.

ಕಂಬದ ಮರೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ದೊಡ್ಡಪ್ಪ ಕತ್ತು ಚಾಚಿದರು. "ನಾನು ಒಬ್ನೇ ಇದ್ನಾ?"

ವ್ಯಾಪಾರಿ ಅವರನ್ನು ನೋಡಿದ. "ಒಬ್ರೇ" ಎಂದು ಹೇಗೋ ಹೇಳಿ, ಚಪ್ಪಲಿಯನ್ನು ನಮಗೇ ಬಿಟ್ಟು ಓಡಿದ.

ಒಳಗಿದ್ದ ದೊಡ್ಡಮ್ಮ ಗೋಡೆ ತಡಕುತ್ತಾ ಬಂದರು. ಅಷ್ಟು ಹೊತ್ತಿಗೆ ಅವರಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ನನ್ನ ಬುಟ್ಟು ಓಗ್ಬುಟ್ರಾ?" ಎಂದು ಮೆಲ್ಲಗೆ ಕೇಳಿದರು. ದೊಡ್ಡಪ್ಪನ ಮುಖ ಬಿಳುಚಿಕೊಂಡಿತು. ಮರುದಿನ ಪಂಚಾಂಗ ತೆರೆಯದೆ, ತುಂಬಿದ ರಾಹುಕಾಲದಲ್ಲಿ, ದೊಡ್ಡಮ್ಮನನ್ನೂ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಬೆಟ್ಟದ ಮೇಲೆ ಮಂಜೋ ಮಂಜು. ಬಂಡೆಯೆಲ್ಲ ಒದ್ದೆ, ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು, ಬೆಚ್ಚಗಿತ್ತು. ದೊಡ್ಡಪ್ಪ ದೊಡ್ಡಮ್ಮನನ್ನು ಅಲ್ಲಿ ಕೂರಿಸಿ, ತಾವು ಒದ್ದೆಯಲ್ಲಿ ಕೂತರು.

"ತಡ ಮಾಡ್ಬುಟ್ಟೆ ಕಣೆ" ಎಂದರು. "ಏನೂ ಕಾಣಾಕಿಲ್ಲ, ಬರೀ ಬೆಳ್ಳಗದೆ."

"ನಿಮ್ಗೂ ಅಷ್ಟೇನಾ?" ದೊಡ್ಡಮ್ಮ ಅವರ ಕೈ ಹುಡುಕಿ ಹಿಡಿದರು. "ನಂಗೂ ಅಂಗೇ ಕಾಣ್ತದೆ. ಇಬ್ರೂ ಒಂದ್ನೇ ನೋಡ್ತಾ ಇದೀವಿ ಬುಡಿ."

ಸ್ವಲ್ಪ ಹೊತ್ತಿಗೆ ಮಂಜು ಸರಿಯಿತು. ಕೆಳಗೆ ಕಣಿವೆಯ ತುಂಬ ಮೋಡ ಹರಿಯುತ್ತಿತ್ತು. ಹೇಳೋಣವೆಂದು ತಿರುಗಿದೆ. ದೊಡ್ಡಪ್ಪ ಹೆಂಡತಿಯ ಕೈ ಹಿಡಿದುಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು.