ಉಪಕರಣಗಳ ಹೋಲಿಕೆ

ಬಿಸಿಲು ಚದುರುವಿಕೆ ಮಾಪನ ಕಚೇರಿಯ ಮಾಳಿಗೆಯ ಮೇಲೆ ಎರಡು ಉಪಕರಣಗಳಿದ್ದವು. ಗಾಳಿಯಲ್ಲಿರುವ ಧೂಳು ಬಿಸಿಲನ್ನು ಎಷ್ಟು ಚದುರಿಸುತ್ತದೆ ಎಂದು ಎರಡೂ ತಮ್ಮ ಗಾಜಿನ ಕಣ್ಣಿನಿಂದ ನೋಡಿ ಅಂಕಿ ಕೊಡುತ್ತಿದ್ದವು. ಹಳೆಯದು ದಪ್ಪಗೆ, ಹಸಿರು. ಹೊಸದು ತೆಳ್ಳಗೆ, ಬಿಳಿ. ಉಪಕರಣಗಳ ಹೋಲಿಕೆ ದೃಢಪಡದ ಹೊರತು ಯಾವ ಅಂಕಿಯನ್ನೂ ಪ್ರಕಟಿಸತಕ್ಕದ್ದಲ್ಲ ಎಂಬುದು ನಿಯಮ.

ಕಚೇರಿಯ ವೀಕ್ಷಕಿಗೆ ಈ ಹೋಲಿಕೆಯ ಕೆಲಸ ಬೇಗ ಮುಗಿಯಬೇಕಿತ್ತು. ಅವಳ ಮಗಳ ಶಾಲೆಯ ಪಕ್ಕದಲ್ಲೇ ಕಲ್ಲು ಪುಡಿ ಮಾಡುವ ಕಾರ್ಖಾನೆ. ಹುಡುಗಿಗೆ ಮೂರು ತಿಂಗಳಿಂದ ಕೆಮ್ಮು. ಅಂಕಿ ಐವತ್ತು ದಾಟಿದೆ ಎಂದು ಪ್ರಕಟವಾದರೆ ಕಾರ್ಖಾನೆಗೆ ಬೀಗ. ನಲವತ್ತು ದಿನ ಬಿಸಿಲಲ್ಲಿ ನಿಂತು ಅವಳು ಅಂಕಿ ಬರೆದುಕೊಂಡಳು. ಹಳೆಯದು ಎಪ್ಪತ್ತೆರಡು ಅಂದರೆ ಹೊಸದು ಎಪ್ಪತ್ತೊಂದು ಅನ್ನುತ್ತಿತ್ತು. ಆ ಕಚೇರಿಯ ಮನುಷ್ಯರ ನಡುವೆ ಅಷ್ಟು ಒಮ್ಮತ ಎಂದೂ ಬಂದದ್ದಿಲ್ಲ.

ಅಧೀಕ್ಷಕರು ಕಡತ ಹಿಡಿದು, ಏದುಸಿರು ಬಿಡುತ್ತಾ ಮಾಳಿಗೆ ಹತ್ತಿ ಉಪಕರಣಗಳಿಗೆ ಒಂದು ಸುತ್ತು ಹಾಕಿದರು.

"ಎಲ್ಲಮ್ಮಾ ಹೋಲಿಕೆ? ಒಂದು ಅತ್ತೆ ಇದ್ದಂಗಿದೆ, ಇನ್ನೊಂದು ಸೊಸೆ ಇದ್ದಂಗಿದೆ."

"ಸಾರ್, ಹೋಲಿಕೆ ಅಂದ್ರೆ ಅಂಕಿಗಳನ್ನ ಹೋಲಿಸಿ ನೋಡೋದು. ನೋಡಿ, ಒಂದೇ ಒಂದರ ವ್ಯತ್ಯಾಸ."

"ನಿಯಮದಲ್ಲಿ ಅಂಕಿಗಳ ಹೋಲಿಕೆ ಅಂತ ಇಲ್ಲ, ಉಪಕರಣಗಳ ಹೋಲಿಕೆ ಅಂತಿದೆ. ನಾಳೆ ಮೇಲಿನೋರು ಬಂದು, ಇವೆರಡೂ ಹೋಲಲ್ವಲ್ರೀ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಮೂವರ ಸಾದೃಶ್ಯ ಪರಿಶೀಲನಾ ಸಮಿತಿ ರಚನೆಯಾಯಿತು. ಹೊಸದಕ್ಕೆ ತಗಡು ಸುತ್ತಿ ದಪ್ಪ ಮಾಡಲಾಯಿತು. ಆಮೇಲೆ ಎರಡಕ್ಕೂ ಒಂದೇ ಬಣ್ಣ ಬಳಿಯಲು ಬಣ್ಣದವನು ಬಂದ. ಆದೇಶದಲ್ಲಿ 'ಯಾವ ಭಾಗವನ್ನೂ ಬಿಡದಂತೆ' ಎಂದಿದ್ದುದರಿಂದ ಗಾಜಿನ ಕಣ್ಣುಗಳಿಗೂ ಎರಡೆರಡು ಕೋಟು ಬೂದು ಬಣ್ಣ ಬಳಿಯತೊಡಗಿದ.

"ಅಣ್ಣಾ, ಗಾಜೊಂದು ಬಿಡಪ್ಪ, ಕುರುಡಾಗಿಹೋಗುತ್ತೆ," ಎಂದು ವೀಕ್ಷಕಿ ಗೋಗರೆದಳು.

"ಬಿಟ್ರೆ ಕೆಲಸ ಅರ್ಧಂಬರ್ಧ ಅಂತ ಬರೀತಾರಕ್ಕಾ."

ಮರುದಿನ ಎರಡೂ ಸೊನ್ನೆ ತೋರಿಸಿದವು. ಅದರ ಮರುದಿನವೂ ಸೊನ್ನೆ. ಹೋಲಿಕೆ ನೂರಕ್ಕೆ ನೂರು ಎಂದು ಸಮಿತಿಯವರು ಪರಸ್ಪರ ಕೈಕುಲುಕಿದರು. ವೀಕ್ಷಕಿ ಭಿನ್ನಾಭಿಪ್ರಾಯ ಬರೆದುಕೊಂಡು ಹೋದಳು. ಭಿನ್ನಾಭಿಪ್ರಾಯವನ್ನು ಸರ್ವಾನುಮತದಿಂದ ಮಾತ್ರ ಸಲ್ಲಿಸತಕ್ಕದ್ದು ಎಂದು ಗುಮಾಸ್ತ ಅದನ್ನು ವಿನಯದಿಂದಲೇ ಹಿಂದಿರುಗಿಸಿದ.

ಪ್ರಕಟಣೆ ಹೊರಬಿತ್ತು: 'ಊರಿನ ಗಾಳಿಯಲ್ಲಿ ಧೂಳು ಇರುವುದಿಲ್ಲ. ಇದ್ದಂತೆ ಕಂಡುಬಂದಲ್ಲಿ ಅದು ಕಂಡವರ ವೈಯಕ್ತಿಕ ಜವಾಬ್ದಾರಿಯಾಗಿರುತ್ತದೆ.' ಕಾರ್ಖಾನೆ ಇನ್ನೊಂದು ಯಂತ್ರ ತರಿಸಿತು. ಶಾಲೆಯವರು ಮುಚ್ಚಿದ್ದ ಕಿಟಕಿಗಳನ್ನೆಲ್ಲ ತೆಗೆಸಿದರು. ಗಾಳಿ ಶುದ್ಧವೆಂದು ರುಜುವಾತಾದ ಮೇಲೂ ಕೆಮ್ಮುವುದು ಅಶಿಸ್ತು ಎಂದು ಪೋಷಕರಿಗೆ ಚೀಟಿ ಕಳಿಸಿದರು. ಪ್ರಕಟಣೆಗೆ ಸೀಲು ಇದ್ದುದರಿಂದ ಪೋಷಕರೂ ಒಪ್ಪಿದರು.

ಮಗಳು ಈಗ ಶಾಲೆಯಲ್ಲಿ ಕೆಮ್ಮುವುದಿಲ್ಲ. ದಿನವಿಡೀ ತಡೆದಿಟ್ಟುಕೊಂಡು ಮನೆಗೆ ಬಂದು, ಬಾಗಿಲು ಹಾಕಿ, "ಅಮ್ಮ, ಈಗ ಕೆಮ್ಲಾ?" ಎಂದು ಕೇಳಿ ಕೆಮ್ಮುತ್ತಾಳೆ. ಈ ತಿಂಗಳ ಅಂಕಪಟ್ಟಿಯಲ್ಲಿ 'ಶಿಸ್ತು: ಉತ್ತಮ' ಎಂದಿತ್ತು. ವೀಕ್ಷಕಿ ಪೋಷಕರ ಸಹಿಯ ಜಾಗದಲ್ಲಿ ಸಹಿ ಹಾಕಿದಳು.