ತಲೆ ಪಾಸು, ಕೈ ಫೇಲು

ನನ್ನ ತಲೆಯ ಬಗ್ಗೆ ನನಗೆ ಅಂಥ ದೂರೇನೂ ಇಲ್ಲ. ಹೇಳಿಕೊಟ್ಟದ್ದನ್ನು ಕಲಿಯುತ್ತದೆ, ಕೇಳಿದರೆ ಒಪ್ಪಿಸುತ್ತದೆ. ನನ್ನ ತಕರಾರೆಲ್ಲ ಕೈಗಳ ಮೇಲೆ. ಕರೆಂಟು ಹೋಯಿತೆಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಮೇಣದಬತ್ತಿ ಹುಡುಕಲು ಒಳಗೆ ಹೋದರೆ, ಬಾಗಿಲು ದಾಟುವಷ್ಟರಲ್ಲಿ ಬಲಗೈ ತನ್ನ ಪಾಡಿಗೆ ತಾನು ಸ್ವಿಚ್ಚು ಒತ್ತಿರುತ್ತದೆ. ಎಡಗೈ ಇನ್ನೂ ಕಿಲಾಡಿ. ಲಾರಿ ಓಡಿಸುವವನಾದ್ದರಿಂದ ಸಿಟಿ ಬಸ್ಸಿನಲ್ಲಿ ಕೂತರೂ ತಿರುವು ಬಂದಾಗ ಅದು ಗೇರು ಹುಡುಕುತ್ತದೆ. ಒಮ್ಮೆ ಹಾಗೆ ಹುಡುಕಿ, ಪಕ್ಕದ ಯಜಮಾನರ ಛತ್ರಿಯ ಹಿಡಿಯನ್ನು ಮೂರನೇ ಗೇರಿಗೆ ಎಳೆದುಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಎದ್ದು ಬೇರೆ ಸೀಟಿಗೆ ಹೋದರು.

ಈ ಕೈಗಳನ್ನು ನಂಬಿಕೊಂಡು ನಾನು ಒಂದು ಕಾಲದಲ್ಲಿ ಎಣ್ಣೆ ಬಾವಿಗೆ ಹೊರಟಿದ್ದೆ. ಎರಡು ಸಾವಿರದ ಇಸವಿ ಆಗತಾನೇ ದಾಟಿತ್ತು. ನಜರ್‌ಬಾದಿನ ಸಾಹುಕಾರರೊಬ್ಬರ ಲಾರಿಯಲ್ಲಿ ನಾನು ವರ್ಷಗಟ್ಟಲೆ ಊದುಬತ್ತಿಯ ಪೆಟ್ಟಿಗೆಗಳನ್ನು ಹುಬ್ಬಳ್ಳಿ, ಸೊಲ್ಲಾಪುರದ ಕಡೆಗೆ ಸಾಗಿಸುತ್ತಿದ್ದೆ. ಮೈಯೆಲ್ಲ ಎಷ್ಟು ಘಮಘಮ ಎನ್ನುತ್ತಿತ್ತೆಂದರೆ, ಮದುವೆ ಮನೆಗಳಲ್ಲಿ ಗೊತ್ತಿಲ್ಲದವರು ನನ್ನನ್ನು ಅರ್ಚಕರೆಂದು ತಿಳಿದು ಜಾಗ ಬಿಡುತ್ತಿದ್ದರು. ಸಾಹುಕಾರರಿಗೆ ಇದ್ದಕ್ಕಿದ್ದಂತೆ ಕಲ್ಯಾಣಮಂಟಪ ಕಟ್ಟಿಸುವ ಮನಸ್ಸಾಯಿತು. ಲಾರಿ ಮಾರಲು ನಿಂತರು. ಇನ್ನು ಮುಂದೇನು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮಹದೇವನ ಫೋನು ಬಂತು. ಮಹದೇವ ನನ್ನ ಹೆಂಡತಿ ಗೌರಿಯ ತಮ್ಮ, ಗುಜರಾತಿನ ಎಣ್ಣೆ ಬಾವಿಗಳ ಹತ್ತಿರ ಮೆಕ್ಯಾನಿಕ್ಕು.

"ಭಾವ, ಬಾವಿಯಿಂದ ತೆಗೆದ ಕಚ್ಚಾ ಎಣ್ಣೆ ಸಾಗ್ಸೋಕೆ ಇಲ್ಲಿ ಟ್ಯಾಂಕರ್ ಡ್ರೈವರ್ ಬೇಕಂತೆ. ನಿಮ್ಮ ವಿಷ್ಯ ಹೇಳಿದೀನಿ. ಆದ್ರೆ ಅಪಾಯದ ಸರಕು ಓಡಿಸ್ಬೌದು ಅಂತ ಲೈಸೆನ್ಸಲ್ಲಿ ಬರೆಸ್ಕೊಂಡೇ ಬರ್ಬೇಕು. ಅದ್ಕೆ ಮೂರು ದಿನ ಟ್ರೈನಿಂಗು" ಎಂದ.

ಮೂರು ದಿನ ತಾನೇ ಎಂದು ನಾನು ಮೊದಲು ಮಾಡಿದ ಕೆಲಸ, ರಾಮಕೃಷ್ಣನಗರದ ನಮ್ಮ ಬೀದಿಗೆಲ್ಲ ಸುದ್ದಿ ಹಬ್ಬಿಸಿದ್ದು. ಕಟಿಂಗ್ ಶಾಪಿನವನು "ಅಲ್ಲಿ ನೆಲ ಒತ್ತುದ್ರೆ ಎಣ್ಣೆ ಚಿಮ್ಮುತ್ತಂತಲ್ಲಣ್ಣ" ಎಂದು ಕೇಳಿದಾಗ, ನೋಡಿ ಬಂದವನಂತೆ ಹೂಂಗುಟ್ಟಿದೆ. ಎದುರು ಮನೆಯವರು ನನ್ನನ್ನು ಊಟಕ್ಕೆ ಕರೆದು ಹೋಳಿಗೆ ಹಾಕಿಸಿ ಬೀಳ್ಕೊಟ್ಟೂಬಿಟ್ಟರು. ತಿಂದ ಹೋಳಿಗೆಯನ್ನು ಹಿಂದಕ್ಕೆ ಕೊಡುವಂತಿಲ್ಲ. ಸಾಹುಕಾರರ ಲಾರಿಯಂತೂ ಇನ್ನು ಓಡುವುದಿಲ್ಲ. ಲೈಸೆನ್ಸಿನ ಮೇಲೆ ಆ ಒಂದು ಸಾಲು ಬೀಳದಿದ್ದರೆ ಕೆಲಸವೂ ಇಲ್ಲ, ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗೂ ಇಲ್ಲ.

ತರಬೇತಿ ಕೊಡುವವರು ಬೋರೇಗೌಡರು ಎಂದು, ಅಗ್ನಿಶಾಮಕದಲ್ಲಿದ್ದು ನಿವೃತ್ತರಾದವರು. ಡ್ರೈವರುಗಳೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. "ತುಂಬಿದ ಟ್ಯಾಂಕರ್ ಹೆಚ್ಚು ಅಪಾಯವೋ, ಖಾಲಿ ಟ್ಯಾಂಕರೋ?" ಎಂದು ಮೊದಲ ದಿನವೇ ಕೇಳಿದರು. ಉಳಿದವರೆಲ್ಲ ಒಟ್ಟಿಗೆ "ತುಂಬಿದ್ದು ಸಾರ್" ಎಂದರು. ನಾನು ಎದ್ದು ನಿಂತು, ಖಾಲಿಯದೇ ಹೆಚ್ಚು, ಎಣ್ಣೆ ಹೋದರೂ ಆವಿ ಒಳಗೇ ಇರುತ್ತದೆ, ಒಂದು ಕಿಡಿ ಸಾಕು ಎಂದೆ. ಹೆಸರು ಬರೆಸುವಾಗ ಅವರು ಕೊಟ್ಟಿದ್ದ ಪುಸ್ತಕವನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿದ್ದೆ. "ನೋಡ್ರಯ್ಯಾ, ನಂಜುಂಡಪ್ಪನವರನ್ನ ನೋಡಿ ಕಲೀರಿ" ಎಂದರು ಮೇಷ್ಟ್ರು. ಶಾಲೆಯಲ್ಲಿ ಯಾರೂ ನನ್ನ ಬಗ್ಗೆ ಆಡದಿದ್ದ ಮಾತು ಅದು. ಅವತ್ತು ಸಂಜೆಯಿಂದಲೇ ಮನೆಯಲ್ಲಿ ನನ್ನ ಪಾಠ ಶುರುವಾಯಿತು. ಸೊಳ್ಳೆಬತ್ತಿ ನಿಷೇಧಿಸಿದೆ. ಸೀಮೆಎಣ್ಣೆ ಡಬ್ಬವನ್ನು ಹಿತ್ತಲಿಗೆ ಗಡೀಪಾರು ಮಾಡಿದೆ. ಗ್ಯಾಸ್ ಸಿಲಿಂಡರಿನ ಬಳಿ ಬಗ್ಗಿ ಬಗ್ಗಿ ಮೂಸಿದೆ. ಗೌರಿ ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕಾದು, "ರೀ, ಸಾರಿಗೆ ಇಡ್ಲೋ, ಮೇಷ್ಟ್ರನ್ನ ಕೇಳ್ಕೊಂಡು ಬರ್ತೀರೋ?" ಎಂದಳು.

ಕೊನೆಯ ದಿನ ಬರೆಯುವ ಪರೀಕ್ಷೆ ಮುಗಿಯಿತು. ಎಲ್ಲರಿಗಿಂತ ಹೆಚ್ಚು ಅಂಕ ನನಗೇ. ಮಧ್ಯಾಹ್ನ ಎಲ್ಲಿಂದಲೋ ಒಂದು ಟ್ಯಾಂಕರ್ ತರಿಸಿ ಮೈದಾನದಲ್ಲಿ ನಿಲ್ಲಿಸಿದ್ದರು. ಅದನ್ನು ತಪಾಸಣೆ ಮಾಡಿ, ಹತ್ತಿ, ಹೊರಡಿಸಿ ತೋರಿಸಬೇಕು. ಮೊದಲು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ನಾನು ಟ್ಯಾಂಕರಿನ ಸುತ್ತ ಗಂಭೀರವಾಗಿ ಒಂದು ಸುತ್ತು ಬಂದೆ. ಚಕ್ರ ಒದ್ದು ನೋಡಿದೆ. ವಾಲ್ವು ಮುಟ್ಟಿದೆ. ಬೆಂಕಿ ಆರಿಸುವ ಸಿಲಿಂಡರು ಇದೆಯೇ ಎಂದು ನೋಡಿ, ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಬಾಗಿಲು ತೆಗೆದು ಹತ್ತಿ ಕೂತೆ. ಎದುರಿಗೆ ಮಾದಪ್ಪನ ಪಟ. ಆ ಗಾಡಿಯ ಡ್ರೈವರು ಅದಕ್ಕೆ ಒಂದು ಮೊಳ ಹೂವನ್ನೂ ಹಾಕಿದ್ದ.

ಮುಂದೆ ನಡೆದದ್ದರಲ್ಲಿ ನನ್ನ ತಲೆಯ ಪಾತ್ರ ಏನೇನೂ ಇಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ. ಲಾರಿ ಹತ್ತಿದ ಮೇಲೆ ದೇವರಿಗೆ ಬೆಳಗದೆ ನಾನು ಜನ್ಮದಲ್ಲಿ ಕೀಲಿ ತಿರುಗಿಸಿದವನಲ್ಲ. ಬಲಗೈ ಅಂಗಿಯ ಜೇಬಿಗೆ ಹೋಯಿತು. ಊದುಬತ್ತಿ ಹೊರಗೆ ಬಂತು, ಬೆಂಕಿಕಡ್ಡಿ ಗೀರಿತು. ನಾನು ಕಣ್ಣು ಮುಚ್ಚಿ ಮಾದಪ್ಪನಿಗೆ ಭಕ್ತಿಯಿಂದ ಬೆಳಗಿದೆ. ಕಿಟಕಿಯಿಂದ ಕೈ ಹೊರಗೆ ಚಾಚಿ, ಟ್ಯಾಂಕರಿನ ಕಡೆಗೂ ಒಂದು ಸಲ ಬೆಳಗಿದೆ.

ಯಾರೂ ಕೂಗಲಿಲ್ಲ. ಕಣ್ಣು ಬಿಟ್ಟು ಹೊರಗೆ ನೋಡಿದರೆ ಡ್ರೈವರುಗಳೆಲ್ಲ ಚಪ್ಪಲಿ ಕಳಚಿ ಸಾಲಾಗಿ ಕೈಮುಗಿದು ನಿಂತಿದ್ದಾರೆ. ಅವರ ಮುಂದೆ ಬೋರೇಗೌಡ ಮೇಷ್ಟ್ರು. ಅವರೂ ಬೂಟು ಬಿಚ್ಚಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು. ಅವರ ಮೂಗಿಗೆ ಹೊಗೆ ತಗುಲಿದ್ದೇ ತಡ, ಕಣ್ಣು ತೆರೆದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಆ ವಯಸ್ಸಿನಲ್ಲಿ ಅವರು ಬರಿಗಾಲಲ್ಲಿ ಓಡಿ ಬಂದ ರಭಸವನ್ನು ಏನು ಹೇಳಲಿ. ನನ್ನ ಕೈಯಿಂದ ಊದುಬತ್ತಿ ಕಿತ್ತು, ದೂರದ ಮರಳಿನ ಬಕೀಟಿಗೆ ಚುಚ್ಚಿ, ಅಲ್ಲೇ ಕುಕ್ಕರಿಸಿ ಕೂತರು. ಪುಣ್ಯಕ್ಕೆ ಟ್ಯಾಂಕರನ್ನು ಚೆನ್ನಾಗಿ ತೊಳೆದು, ಆವಿಯೆಲ್ಲ ಹೋದ ಮೇಲೆಯೇ ತರಿಸಿದ್ದರಂತೆ.

ಕೆಲಸ ಕೈತಪ್ಪಿತು ಎಂದುಕೊಂಡು ನಾನು ಅವರ ಮುಂದೆ ನಿಂತೆ. ಮೇಷ್ಟ್ರು ಬರಿಗಾಲಿಗೆ ಅಂಟಿದ್ದ ಮರಳು ಕೊಡವಿಕೊಂಡರು. ಕೊನೆಗೆ ತಗ್ಗಿದ ದನಿಯಲ್ಲಿ, "ನಿಮ್ಮನ್ನ ಫೇಲ್ ಮಾಡ್ಬೇಕು ಕಣ್ರೀ. ಆದ್ರೆ ಕಾರಣ ಏನಂತ ಬರೀಲಿ? ನಾನೂ ಕೈಮುಗ್ದು ನಿಂತ್ಬುಟ್ಟಿದ್ನಲ್ಲ" ಎಂದರು. ಇನ್ನೊಮ್ಮೆ ಹತ್ತಿಸಿದರು. ಈ ಸಲ ನನ್ನ ಜೇಬು ಖಾಲಿ ಮಾಡಿಸಿ ಹತ್ತಿಸಿದರು. ನಾನು ಪಾಸಾದೆ. ಮುಂದಿನ ವಾರ ಲೈಸೆನ್ಸಿನ ಮೇಲೆ ಆ ಸಾಲೂ ಬಿತ್ತು.

ಮನೆಯಲ್ಲಿ ಈ ಕಥೆಯನ್ನು ಗೌರಿಗೆ ಅಭಿನಯಿಸಿ ತೋರಿಸಿದೆ. ಮೇಷ್ಟ್ರು ಓಡಿದ್ದನ್ನು ಓಡಿಯೇ ತೋರಿಸಿದೆ. ಅವಳು ನಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, "ಗುಜರಾತಲ್ಲೂ ಟ್ಯಾಂಕರ್ ತೊಳ್ದಿರ್ತಾರೇನ್ರೀ?" ಎಂದಳು.

ಮರುದಿನದಿಂದ ನನ್ನ ಕೈಗೆ ನಾನೇ ಪರೀಕ್ಷೆ ಇಟ್ಟೆ. ಸಾಹುಕಾರರ ಲಾರಿ ಇನ್ನೂ ಗಿರಾಕಿಗೆ ಕಾದು ನಜರ್‌ಬಾದಿನ ಶೆಡ್ಡಿನಲ್ಲಿ ನಿಂತಿತ್ತು. ದಿನಾ ಬೆಳಿಗ್ಗೆ ಹೋಗಿ ಸುಮ್ಮನೆ ಹತ್ತಿ ಕೂತು, ಇವತ್ತು ಹಚ್ಚುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಪರಿಮಳ ಬಂದಿರುತ್ತಿತ್ತು. ನನಗೆ ಹೆದರಿಕೆಯಾಯಿತು. ಮುಚ್ಚುಮರೆ ಯಾಕೆ, ಬಹಳ ಹೆದರಿಕೆಯಾಯಿತು. ನಾನೊಬ್ಬ ಸುಟ್ಟುಹೋದರೆ ಗೌರಿಯೊಬ್ಬಳು ಅಳುತ್ತಾಳೆ. ಆದರೆ ಎಣ್ಣೆ ಬಾವಿಯ ಸುತ್ತ ಮಹದೇವನೂ ಸೇರಿದಂತೆ ಎಷ್ಟು ಮನೆಗಳ ಗಂಡಸರಿರುತ್ತಾರೆ. ಬರುವುದಿಲ್ಲ ಎಂದು ಮಹದೇವನಿಗೆ ಫೋನು ಮಾಡಿ ಹೇಳಿದೆ. ಎದುರು ಮನೆಯವರು ಹೋಳಿಗೆಯ ಬಗ್ಗೆ ಬಾಯಿಬಿಟ್ಟು ಏನೂ ಕೇಳಲಿಲ್ಲ, ಅವರ ಕಣ್ಣಲ್ಲಿ ಮಾತ್ರ ಹೋಳಿಗೆಯೇ ಕಾಣುತ್ತಿತ್ತು.

ಕೆಲವು ತಿಂಗಳು ಅಲ್ಲಿ ಇಲ್ಲಿ ಓಡಿಸಿ, ಕಡೆಗೆ ನಾನೂ ಟ್ಯಾಂಕರ್ ಡ್ರೈವರೇ ಆದೆ. ದಟ್ಟಗಳ್ಳಿಯ ಹೊಸ ಬಡಾವಣೆಗಳಿಗೆ ಕುಡಿಯುವ ನೀರು ಹೊಡೆಯುವ ಕೆಲಸ. ನಿಶ್ಚಿಂತೆಯಾಗಿ ಊದುಬತ್ತಿ ಹಚ್ಚಬಹುದು. ದೀಪಾವಳಿಗೆ ಬಂದ ಮಹದೇವ ನನ್ನ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ. "ಅಲ್ಲ ಭಾವ, ಅಪಾಯದ ಸರಕಿಗೆ ಪರ್ಮಿಶನ್ ತಗೊಂಡು ನೀರು ಹೊಡೀತಿದೀರಲ್ಲ" ಎಂದ.

"ನೀರು ಅಂತ ಸಸಾರ ಮಾಡ್ಬೇಡ ಕಣೋ" ಎಂದಳು ಗೌರಿ, ಅವನಿಗೆ ಕಜ್ಜಾಯ ಬಡಿಸುತ್ತ. "ಹೋದ ಬೇಸ್ಗೇಲಿ ಒಂದು ಬೀದಿಗೆ ಕಮ್ಮಿ ಬಿಟ್ರು ಅಂತ ಹೆಂಗಸರೆಲ್ಲ ಬಿಂದಿಗೆ ಹಿಡ್ಕೊಂಡು ಇವರ ಗಾಡಿ ಸುತ್ತ ನಿಂತ್ಬುಟ್ಟಿದ್ರು."

ಅವಳು ಹೇಳಿದ್ದು ನಿಜ. ಅನಾಹುತವಾದಾಗ ಚಾಲಕನು ಗಾಬರಿಯಾಗದೆ, ತಾನೇ ಸಾಹಸಕ್ಕೆ ಇಳಿಯದೆ, ಕೂಡಲೇ ಮೇಲಧಿಕಾರಿಗೆ ತಿಳಿಸತಕ್ಕದ್ದು ಎಂದು ಬೋರೇಗೌಡರ ಪುಸ್ತಕದಲ್ಲಿತ್ತು. ನಾನು ಕಿಟಕಿಯ ಗಾಜು ಏರಿಸಿ, ಸೀಟಿನ ಕೆಳಕ್ಕೆ ಜಾರಿ ಕೂತು, ಮೊಬೈಲು ತೆಗೆದು ತಿಳಿಸಿದೆ. ಮೇಲಧಿಕಾರಿ ರಾಮಕೃಷ್ಣನಗರದಿಂದ ಆಟೋ ಮಾಡಿಕೊಂಡು ಬಂದು ನನ್ನನ್ನು ಬಿಡಿಸಿಕೊಂಡು ಹೋದಳು.